ಕಡಲ ಬಂಡೆಗೆ ವಯಾ ಮೈಸೂರು

ಹಲಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ನೀರು ಅಂದರೆ ಕೆರೆ, ಬಂಡೆ ಅಂದರೆ ಕೆಂಪೇಗೌಡರ ಗೋಪುರ ಕೂತಿರುವ ಕಲ್ಲು. ಅದೂ ಸೈನ್ಯದವರ ಆವರಣದೊಳಗೆ. ಹಾಗಾಗಿ ಹತ್ತುವ ಮಾತಿಲ್ಲ, ದೂರದಿಂದಲೇ ನಮಸ್ಕಾರ.

ಹೀಗಿರುವಾಗ ಏಪ್ರಿಲ್‌ನ ಒಂದು ಭಾನುವಾರ ಅಕ್ಕನ ಮಗ ಬಂದು, ‘ಮಾಮ, ಸಮುದ್ರದ ಪಕ್ಕ ಬಂಡೆ ಹತ್ತೋಕೆ ಹೋಗೋಣ್ವಾ?’ ಅಂದ. ಅವನಿರುವುದು ಕೆ.ಆರ್. ಪುರದಲ್ಲಿ. 2023ರ ಅಕ್ಟೋಬರಿನಲ್ಲಿ ಬೈಯ್ಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮೆಟ್ರೋ ಕೂಡಿಕೊಂಡ ಮೇಲೆ ವಾರಕ್ಕೆರಡು ಸಲ ಬರುತ್ತಾನೆ. ಅದಕ್ಕೆ ಮುಂಚೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕೇ ನಮ್ಮನ್ನು ಕಾಯುತ್ತಿತ್ತು. ಸಂಜೆ ಹೊತ್ತು ಇಂದಿರಾನಗರದ ಜಿಮ್ಮೊಂದರಲ್ಲಿ ಬಣ್ಣದ ಪ್ಲಾಸ್ಟಿಕ್ ಹಿಡಿಗಳಿಗೆ ಜೋತುಬೀಳುವುದು ಅವನ ಹವ್ಯಾಸ.

‘ರಾಮನಗರ ಇದೆ, ತುರಹಳ್ಳಿ ಇದೆ, ಬಾದಾಮಿ ಇದೆಯಲ್ಲೋ.’

‘ಅಲ್ಲಿ ಸಮುದ್ರ ಇಲ್ವಲ್ಲ ಮಾಮ.’

ಈ ಮಾತಿಗೆ ಉತ್ತರವಿಲ್ಲ.

ಮೊದಲು ಅವನ ಕಣ್ಣು ಬಿದ್ದದ್ದು ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಮೇಲೆ. ಕಂಬ ನಿಲ್ಲಿಸಿದಂಥ ಆರು ಮೂಲೆಯ ಕಲ್ಲುಗಳು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಲಾವಾ ಆರಿ ಆದದ್ದು. ಸುಮಾರು 300 ಕೋಟಿ ವರ್ಷದ ಲಾಲ್‌ಬಾಗ್ ಬಂಡೆಯ ಮುಂದೆ ಅದು ತೊಟ್ಟಿಲ ಕೂಸು, ಆ ಮಾತು ಬೇರೆ. ಆದರೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ‘ಸ್ಮಾರಕಕ್ಕೆ ಕಾಲು ತಾಗಿಸಬೇಡ’ ಅಂದೆ. ಕೊನೆಗೆ ಕಾಪು ಅಂತಾಯಿತು. ಅಲ್ಲಿ ಕಡಲಂಚಿನ ಬಂಡೆಯ ನೆತ್ತಿಯಲ್ಲಿ 1901ರ ದೀಪಸ್ತಂಭವಿದೆ.

ಮೆಜೆಸ್ಟಿಕ್‌ನಿಂದ ಹೊರಡುವ ಪಂಚಗಂಗಾ ರೈಲು ಬೆಳಗಿನ ಹೊತ್ತಿಗೆ ಕರಾವಳಿ ಮುಟ್ಟಿಸುತ್ತದೆ. ಆದರೆ ಬೈಯ್ಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೇ ಮುರುಡೇಶ್ವರಕ್ಕೆ ರೈಲಿರುವಾಗ ಮೆಜೆಸ್ಟಿಕ್ ಯಾಕೆ ಎಂದು ಹಠ ಹಿಡಿದವನು ನಾನು. ಮನೆ ಬಾಗಿಲ ರೈಲೇನೋ ಹೌದು. ಅದು ಮೈಸೂರು ಸುತ್ತಿ, ಸಕಲೇಶಪುರದ ಘಟ್ಟವಿಳಿದು, ಮಂಗಳೂರಿಗೂ ಮುಖ ತೋರಿಸಿ ಹೋಗುತ್ತದೆ. ಹುಡುಗ ಬಿದ್ದರೆ ಇರಲಿ ಎಂದು ಮಡಚುವ ದಪ್ಪ ಕ್ರ್ಯಾಶ್ ಪ್ಯಾಡ್ ಹೊತ್ತಿದ್ದ. ಬೋಗಿಯವರೆಲ್ಲ ಬಾಣಂತಿಗೆ ಹಾಸಿಗೆ ಒಯ್ಯುತ್ತಿದ್ದೇವೆ ಅಂದುಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಇವನದು ಹಾಸಿಗೆ ಇದ್ದ ಕಡೆ ಬೀಳು ಅನ್ನುವ ಶಾಸ್ತ್ರ.

ಉಡುಪಿಯಲ್ಲಿ ಇಳಿದು, ರೈಲು ಬಂದ ದಿಕ್ಕಿಗೇ ಬಸ್ಸಿನಲ್ಲಿ ವಾಪಸು ಬಂದು ಕಾಪು ಸೇರುವಾಗ ಸೂರ್ಯ ನೆತ್ತಿಯ ಮೇಲೆ. ಬೆಂಗಳೂರಿನ ಬಿಸಿಲಲ್ಲಿ ಬೆವತರೆ ಗಾಳಿಗೆ ಆರುತ್ತದೆ. ಕರಾವಳಿಯವರು ಸೆಕೆ ಅನ್ನುವುದು ಬೇರೆಯೇ ಜಾತಿ. ಗಾಳಿಯೇ ಒದ್ದೆ, ಬೆವರು ಹೋಗುವುದಾದರೂ ಎಲ್ಲಿಗೆ? ಜಾರದಿರಲಿ ಎಂದು ಹುಡುಗ ಕೈಗೆ ಬಳಿದ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಎರಡು ನಿಮಿಷದಲ್ಲಿ ದೋಸೆ ಹಿಟ್ಟಾಯಿತು. ಬಂಡೆ ಮುಟ್ಟಿದರೆ ಕಾದ ಕಾವಲಿ. ದೋಸೆಗೆ ಬೇಕಾದದ್ದೆಲ್ಲ ಇತ್ತು, ಬಂಡೆ ಹತ್ತುವುದಕ್ಕೆ ಬೇಕಾದದ್ದು ಇರಲಿಲ್ಲ. ಮರಳಿನಲ್ಲಿ ಚಪ್ಪಲಿ ಬಿಟ್ಟ ನಾನು ಎಳನೀರಿನ ಗಾಡಿಯವರೆಗೆ ಕುಣಿದುಕೊಂಡೇ ಹೋದೆ.

ಗಾಡಿಯವರೇ ಬುದ್ಧಿ ಹೇಳಿದ್ದು. ನಮ್ಮ ಕಡಲು ಪಡುವಣದ್ದು. ಬಂಡೆಯ ಕಡಲ ಮೋರೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬಂದರೆ ನೆರಳೇ ನೆರಳು. ಇಳಿತವನ್ನೂ ನೋಡಿಕೊಳ್ಳಬೇಕು, ಇಲ್ಲವಾದರೆ ಹಾಸಿಗೆ ಹಾಸುವ ಜಾಗದಲ್ಲಿ ಅಲೆ ಮಲಗಿರುತ್ತದೆ. ಉಬ್ಬರ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಹಿಂದೆ ಬೀಳುವುದರಿಂದ ನಿನ್ನೆಯ ಲೆಕ್ಕ ಇವತ್ತಿಗಾಗದು. ಇಷ್ಟನ್ನು ಅವರು ಒಂದು ಎಳನೀರು ಕೆತ್ತುವಷ್ಟರಲ್ಲಿ ಮುಗಿಸಿದರು.

ಮರುದಿನ ಆರಕ್ಕೆ ಹೋದೆವು. ಕಲ್ಲು ತಣ್ಣಗಿತ್ತು, ನೀರು ದೂರವಿತ್ತು. ಬಿಗಿ ಶೂ ತೊಟ್ಟ ಹುಡುಗ ಬೆರಳ ತುದಿಯಷ್ಟೇ ಹಿಡಿಯುವ ಬಿರುಕಿಗೆ ಅಂಟಿಕೊಂಡು, ಮೂರು ಸಲ ಬಿದ್ದು, ನಾಲ್ಕನೆಯ ಸಲ ಆಳೆತ್ತರ ಏರಿದ. ಬಲೆ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, ಬಹಳ ಹೊತ್ತು ನೋಡಿ, ಕನಿಕರದಿಂದ ನನ್ನ ಕಡೆ ತಿರುಗಿದರು:

‘ಮೆಟ್ಟಿಲು ಆ ಬದಿಯಲ್ಲಿ ಉಂಟಲ್ಲ ಮಾರಾಯ್ರೆ?’

ಹುಡುಗನಿಗೆ ನಗು ತಡೆಯಲಾಗದೆ ಕೈ ಜಾರಿ ಹಾಸಿಗೆಯ ಮೇಲೆ ಕೂತ. ನಾನು ಆ ಬದಿಗೆ ಹೊರಟೆ.