ಕೆರೆಯ ಬೆಲೆ ಒಂದು ರೂಪಾಯಿ

ಒಂದು ಕೆರೆಯ ಬೆಲೆ ಎಷ್ಟಿರಬಹುದು ಹೇಳಿ ನೋಡೋಣ? ಪುರಸಭೆಯ ಲೆಕ್ಕದ ನಿಯಮ ಕೇಳಿದರೆ ಉತ್ತರ ಒಂದು ರೂಪಾಯಿ!

ತಮಾಷೆ ಅಲ್ಲ. 2004ರಲ್ಲಿ ಕೇಂದ್ರ ಸರ್ಕಾರ ನಗರಸಭೆ, ಪುರಸಭೆಗಳಿಗೆಲ್ಲ ಅಂತ ಒಂದು ಲೆಕ್ಕಪತ್ರ ಕೈಪಿಡಿ ಹೊರತಂದಿತು. ದುಡ್ಡು ಕೊಡದೆ ಬಂದ ಸ್ಥಿರಾಸ್ತಿಯನ್ನು ಒಂದು ರೂಪಾಯಿ ಅಂತ ಬರೆದುಕೊಳ್ಳಿ ಅನ್ನುತ್ತದೆ ಅದು. ಯಾವ ಕಾಲದಲ್ಲೋ ಪಾಳೇಗಾರನೋ ಊರಗೌಡನೋ ಕಟ್ಟಿಸಿದ ಕೆರೆಗೆ ಪುರಸಭೆ ಯಾರಿಗೂ ಚೆಕ್ ಕೊಟ್ಟಿರೋದಿಲ್ಲವಲ್ಲ... ಹಾಗಾಗಿ ಒಂದು ರೂಪಾಯಿ. ಅದೇ ಕೆರೆ ಸುತ್ತ ತಂತಿಬೇಲಿ ಹಾಕಿಸಿ ಇಪ್ಪತ್ತು ಲಕ್ಷದ ಬಿಲ್ ಆದರೆ ಬೇಲಿಯ ಬೆಲೆ ಇಪ್ಪತ್ತು ಲಕ್ಷ. ಒಳಗಿರೋದು ಒಂದು ರೂಪಾಯಿ!

ಸರ್ಕಾರಿ ಲೆಕ್ಕದ ಬಗ್ಗೆ ಬರೆದರೆ ಯಾರು ಓದ್ತಾರೆ ಅಂತ ನನಗೂ ಗೊತ್ತು. ಕವನ ಬರೆಯೋರ ಮಧ್ಯೆ ಬ್ಯಾಲೆನ್ಸ್ ಶೀಟ್ ಹಿಡ್ಕೊಂಡು ಬಂದಿದ್ದೀನಿ, ಸ್ವಲ್ಪ ತಡ್ಕೊಳ್ಳಿ :)

ನಾನು ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಕಾಲಕ್ಕೆ ಸರಿಯಾಗಿ ಕರ್ನಾಟಕದಲ್ಲಿ ಪೌರಸಂಸ್ಥೆಗಳ ಲೆಕ್ಕಕ್ಕೆ 2006ರ ಹೊಸ ನಿಯಮಗಳು ಬಂದಿದ್ದವು. ಅಲ್ಲಿಯವರೆಗೆ ಇದ್ದದ್ದು ಕ್ಯಾಷ್ ಬುಕ್. ದುಡ್ಡು ಬಂತು, ಬರಿ. ದುಡ್ಡು ಹೋಯ್ತು, ಬರಿ. ಗುತ್ತಿಗೆದಾರನಿಗೆ ಕೊಡಬೇಕಾದ ಬಾಕಿ, ಜನ ಕಟ್ಟಬೇಕಾದ ಕಂದಾಯ, ನಿವೃತ್ತರಾಗುವವರಿಗೆ ನಾಳೆ ಕೊಡಬೇಕಾದ್ದು... ಇದ್ಯಾವುದೂ ಆ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಡಬಲ್ ಎಂಟ್ರಿ ಬಂತು, ಆಸ್ತಿ ಎಷ್ಟು, ಹೊಣೆ ಎಷ್ಟು ಅಂತ ತೋರಿಸಬೇಕಾಯ್ತು. ಮೊದಲ ಬ್ಯಾಲೆನ್ಸ್ ಶೀಟ್ ತಯಾರಿಸೋಕೆ ಸಿ.ಎ. ಆಫೀಸುಗಳ ಸಹಾಯ ಬೇಕಿತ್ತು. ಹಾಗೆ ಬಯಲುಸೀಮೆಯ ಒಂದು ಪುರಸಭೆಗೆ ನಾವು ಹೋಗಿದ್ದು.

ಊರಿನ ಆಸ್ತಿ ಪಟ್ಟಿ ಮಾಡೋದು ಎಂಥ ಕೆಲಸ ಅಂತೀರಿ! ಮೋರಿ, ಬೋರ್‌ವೆಲ್, ಬೀದಿದೀಪ, ಸಂತೆಮೈದಾನ, ಶೌಚಾಲಯ, ರುದ್ರಭೂಮಿ. ಕಿರಿಯ ಎಂಜಿನಿಯರ್ ಒಬ್ಬರ ಬೈಕಿನ ಹಿಂದೆ ಕೂತು ರಸ್ತೆ ರಸ್ತೆ ಅಳೆದೆವು. ಹಿತ್ತಲಲ್ಲಿ ಒಂದು ಹಳೇ ಟ್ರ್ಯಾಕ್ಟರ್ ಟ್ರೈಲರ್ ಇತ್ತು, ಕಾಗದಪತ್ರ ಇರಲಿಲ್ಲ. ಕಾಗದಪತ್ರ ಇದ್ದ ಒಂದು ನೀರಿನ ಟ್ಯಾಂಕರ್ ಎಲ್ಲೂ ಇರಲಿಲ್ಲ. ಅಲ್ಲಿನ ಮ್ಯಾನೇಜರ್ ನಿವೃತ್ತಿ ಅಂಚಿನಲ್ಲಿದ್ದ ಹಿರಿಯರು, ಎಲ್ಲ ಬಾಯಲ್ಲೇ ಹೇಳುತ್ತಿದ್ದರು. ಕೆರೆ ಅಂಗಳದ ಜಾಗಕ್ಕೆ ಬಂದಾಗ ನಾನು ಒಂದು ರೂಪಾಯಿ ಅಂತ ಬರೆದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಅಲ್ಲಪ್ಪಾ, ನಾಳೆ ಯಾರಾದ್ರೂ ಇದನ್ನ ನುಂಗಿದ್ರೆ ಪುರಸಭೆಗೆ ಆದ ನಷ್ಟ ಒಂದ್ ರೂಪಾಯಿ ಅನ್ನು!" ಅಂದ್ರು. ಎಲ್ಲರೂ ನಕ್ಕೆವು. ಇನ್ನೊಂದು ರೌಂಡ್ ಟೀ ಬಂತು.

ಆದರೆ ಅವರು ಹೇಳಿದ್ದು ನಿಜ ನೋಡಿ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇದ್ದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಅವೆಲ್ಲ ಈ ನಿಯಮಕ್ಕಿಂತ ಹಿಂದಿನ ಕಥೆ, ಸರಿ. ಆದರೆ ಇವತ್ತು ಯಾವುದಾದರೂ ಊರಲ್ಲಿ ಅದೇ ಆಯ್ತು ಅಂದುಕೊಳ್ಳಿ. ಪುಸ್ತಕದಲ್ಲಿ ಏನಾಗುತ್ತೆ? ಒಂದು ರೂಪಾಯಿ ಆಸ್ತಿ ಹೋಯ್ತು, ಹತ್ತು ಕೋಟಿಯ ಕಟ್ಟಡ ಬಂತು. ಊರು ಶ್ರೀಮಂತ ಆಯ್ತು! ಲೆಕ್ಕದಲ್ಲಿ ತಪ್ಪಿಲ್ಲ, ಆಡಿಟರ್ ಸಹಿ ಹಾಕ್ತಾನೆ. ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿಗೆ ನೀರು ನುಗ್ಗಿದಾಗ ಪಂಪಿನ ಬಾಡಿಗೆ ಅಂತ ಒಂದು ಖರ್ಚು ಬೀಳುತ್ತೆ, ಅಷ್ಟೇ.

ಹಾಗಂತ ಹೊಸ ಪದ್ಧತಿಯನ್ನು ಬಯ್ಯುತ್ತಿಲ್ಲ. ಎಲ್ಲ ಕೆರೆಯೂ ಪುರಸಭೆಯದ್ದಲ್ಲ, ಕಂದಾಯ ಇಲಾಖೆಯದ್ದು, ಸಣ್ಣ ನೀರಾವರಿಯದ್ದು ಅಂತ ಬೇಕಾದಷ್ಟಿವೆ. ರಾಜ್ಯ ಸರ್ಕಾರದ ಲೆಕ್ಕ ಇವತ್ತಿಗೂ ನಗದು ಆಧಾರದ್ದೇ, ಕೇಂದ್ರದ್ದೂ ಹಾಗೇ. ಅಕ್ರೂಯಲ್‌ಗೆ ಮೆಲ್ಲಗೆ ಹೋಗಿ ಅಂತ ಹನ್ನೆರಡನೇ ಹಣಕಾಸು ಆಯೋಗ 2004ರಲ್ಲೇ ಹೇಳಿತ್ತು. ನ್ಯೂಜಿಲೆಂಡ್ 1990ರ ದಶಕದ ಆರಂಭದಲ್ಲೇ ಇಡೀ ಸರ್ಕಾರದ್ದೇ ಬ್ಯಾಲೆನ್ಸ್ ಶೀಟ್ ಮಾಡಿ ಮುಗಿಸಿತ್ತು. ನಮ್ಮಲ್ಲಿ ಇಲಾಖೆಯ ಕೆರೆಗೆ ಆ ಒಂದು ರೂಪಾಯಿಯ ಮರ್ಯಾದೆಯೂ ಇಲ್ಲ. ಪುರಸಭೆಯ ಪಟ್ಟಿಯಲ್ಲಿ ಹೆಸರಾದರೂ ಇದೆಯಲ್ಲ!

ಆಸ್ತಿಯ ಕಥೆ ಇದಾದರೆ ಹೊಣೆಯ ಕಥೆ ಇನ್ನೂ ಕಷ್ಟ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯ್ತು. ಊರವರು ಲಾರಿ ತಡೆದು ಕೂತ ಮೇಲೆ 2014ರಲ್ಲಿ ನಿಂತಿತು. ಪ್ರತಿ ಲಾರಿಯೂ ಪಾಲಿಕೆಯ ಪುಸ್ತಕದಲ್ಲಿ ಸಾಗಾಣಿಕೆ ವೆಚ್ಚ. ಡೀಸೆಲ್ಲು, ಬಾಡಿಗೆ, ಡ್ರೈವರ್. ಆದರೆ ಆ ಲಾರಿ ಸುರಿದು ಬಂದ ಕಸವನ್ನು ಒಂದು ದಿನ ಯಾರೋ ಎತ್ತಬೇಕು, ಅಂತರ್ಜಲ ಸರಿಮಾಡಬೇಕು. ಸರ್ಕಾರಗಳಿಗೆ ಅಂತಲೇ ಇರುವ ಅಂತರರಾಷ್ಟ್ರೀಯ ಲೆಕ್ಕ ಮಾನದಂಡದಲ್ಲಿ ಇಂಥದ್ದಕ್ಕೆ 2002ರಿಂದಲೇ ದಾರಿ ಇದೆ. ಸುರಿದ ವರ್ಷವೇ ಮುಂದಿನ ಖರ್ಚನ್ನು ಅಂದಾಜು ಮಾಡಿ ಹೊಣೆ ಅಂತ ಬರೆದಿಡಬೇಕು. ಹಾಗೆ ಬರೆದರೆ ಕಸ ಸುರಿಯೋದು ಅಗ್ಗ ಅನ್ನೋ ಭ್ರಮೆ ಮೊದಲ ಬಜೆಟ್ಟಿನಲ್ಲೇ ಹರಿಯುತ್ತಿತ್ತು. ಹಸಿಕಸ, ಒಣಕಸ ಬೇರೆ ಮಾಡಿ ಅಂತ ಮನೆಮನೆಗೆ ಬೋಧನೆ ಮಾಡೋಕ್ಕಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡ್ತಿತ್ತು ಅಂತ ನನ್ನ ನಂಬಿಕೆ.

ಬರೆಯದಿದ್ದರೆ ಹೊಣೆ ಮಾಯ ಆಗುತ್ತಾ? ಇಲ್ಲ, ಬೇರೆ ಬಾಗಿಲಿಂದ ಬರುತ್ತೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ನಿಮಗೆಲ್ಲ ನೆನಪಿರುತ್ತೆ, 2015, 2017, 2018. ಸುಮಾರು 900 ಎಕರೆ ಕೆರೆ. ಕೊಳಚೆ ನೀರು ಒಂದು ಸಂಸ್ಥೆಯದ್ದು, ಕಸ ಇನ್ನೊಂದರದ್ದು, ಕೆರೆ ಮತ್ತೊಂದರ ಸುಪರ್ದಿ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆ ಸರಿಪಡಿಸೋಕೆ 500 ಕೋಟಿ ಪ್ರತ್ಯೇಕ ಖಾತೆಯಲ್ಲಿಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. ಮೇಲೆ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ. ಲೆಕ್ಕಿಗರು ಹಾಕಬೇಕಿದ್ದ ಅಂಕಿಯನ್ನು ನ್ಯಾಯಾಧೀಶರು ಹಾಕಬೇಕಾಯ್ತು.

ಈಗ ಎಲ್ಲೆಲ್ಲೂ ಸಸ್ಟೈನಬಿಲಿಟಿ ವರದಿಯ ಮಾತು. ಸೆಬಿ ನಿಯಮದಂತೆ 2022-23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಎಷ್ಟು ನೀರು ಎಳೆದೆವು, ಎಷ್ಟು ಬಿಟ್ಟೆವು, ಎಷ್ಟು ಕಸ ಮಾಡಿದೆವು ಅಂತ ವರ್ಷವರ್ಷ ಬರೆಯಬೇಕು. ಎಚ್‌ಎಎಲ್, ಬಿಇಎಲ್‌ನಂಥ ಸರ್ಕಾರಿ ಕಂಪನಿಗಳೂ ಅದರೊಳಗೆ ಬಂದವು. ಆದರೆ ಅದೇ ನೀರು, ಅದೇ ಕಸ ಹೋಗಿ ಸೇರುವ ಪಾಲಿಕೆಗೆ ಆ ನಿಯಮ ಅನ್ವಯ ಆಗಲ್ಲ! ಸರ್ಕಾರಗಳಿಗೆ ಲೆಕ್ಕ ಮಾನದಂಡ ಬರೆಯುವ ಅಂತರರಾಷ್ಟ್ರೀಯ ಮಂಡಳಿ 2024ರ ಕೊನೆಯಲ್ಲಿ ಹವಾಮಾನ ವರದಿಗೆ ಒಂದು ಕರಡು ಹೊರಡಿಸಿತು. ಒಳ್ಳೆಯದೇ. ನನಗೆ ಹೆದರಿಕೆ ಇರೋದು ಬೇರೆ. ನಮ್ಮ ಪುರಸಭೆಗೂ ಇದು ಬಂತು ಅಂತಿಟ್ಟುಕೊಳ್ಳಿ, ಕನ್ಸಲ್ಟೆಂಟ್ ಬರ್ತಾನೆ, ಪಕ್ಕದೂರಿನ ವರದಿಯಲ್ಲಿ ಹೆಸರು ಬದಲಾಯಿಸ್ತಾನೆ, ಮುಖಪುಟಕ್ಕೆ ಹಸಿರು ಎಲೆ, ಅಂಗೈ ಮೇಲೆ ಭೂಮಿ. ಮುಗೀತು.

ಕೆರೆಗೆ ಮಾರುಕಟ್ಟೆ ಬೆಲೆ ಕಟ್ಟಿ ಅಂತಲೂ ನಾನು ಹೇಳ್ತಿಲ್ಲ. ಬೆಲೆ ಗೊತ್ತಾದ ಮರುದಿನವೇ ಮಾರೋಕೆ ಯಾರಾದರೂ ಬರ್ತಾರೆ :( ಒಂದು ರೂಪಾಯಿ ಹಾಗೇ ಇರಲಿ. ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು: ವರ್ಷದ ಮೊದಲು ಎಷ್ಟು ಎಕರೆ, ಕೊನೆಗೆ ಎಷ್ಟು ಎಕರೆ, ಒತ್ತುವರಿ ಎಷ್ಟು, ಒಳಗೆ ಬಂದ ಕೊಳಚೆ ಎಷ್ಟು. ಆರಂಭ ಶಿಲ್ಕು, ಅಖೈರು ಶಿಲ್ಕು. ಶ್ಯಾನುಭೋಗರಿಗೂ ಅರ್ಥವಾಗುವ ಲೆಕ್ಕ. ಸಿಎಜಿಯ ಲೆಕ್ಕ ಮಾನದಂಡ ಮಂಡಳಿ 2020ರಲ್ಲಿ ಪ್ರಕಟಿಸಿದ ನೈಸರ್ಗಿಕ ಸಂಪನ್ಮೂಲ ಲೆಕ್ಕದ ಪ್ರಸ್ತಾವದ ದಾರಿಯೂ ಇದೇ. ಮೊದಲು ಖನಿಜ, ಆಮೇಲೆ ನೀರು, ಭೂಮಿ, ಕಾಡು. ಆದರೆ ಅದು ರಾಜ್ಯದ ಮಟ್ಟದ್ದು, ಪುರಸಭೆಯ ಮ್ಯಾನೇಜರ್ ಮೇಜಿಗೆ ಬರೋದು ಯಾವಾಗಲೋ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಆಡಿಟ್ ಆದ ಲೆಕ್ಕ ಜಾಲದಲ್ಲಿ ಹಾಕಿದರೆ ಮಾತ್ರ ಅನುದಾನ ಅಂತ ಹದಿನೈದನೇ ಹಣಕಾಸು ಆಯೋಗ 2021ರಿಂದ ಷರತ್ತು ಹಾಕಿದ್ದರಿಂದ ತುಂಬಾ ಊರುಗಳ ಬ್ಯಾಲೆನ್ಸ್ ಶೀಟ್ ನೋಡೋಕೆ ಸಿಗುತ್ತವೆ. ನಿಮ್ಮೂರಿನದ್ದು ಹುಡುಕಿ, ಸ್ಥಿರಾಸ್ತಿಯ ಅನುಬಂಧ ತೆಗೆದು, ಭೂಮಿ ಅನ್ನೋ ಸಾಲಿನ ಎದುರು ಏನಿದೆ ನೋಡಿ. ಆಮೇಲೆ ಸಂಜೆ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿಬನ್ನಿ. ಏರಿ ಇನ್ನೂ ಇದ್ದರೆ.