ಕಿಟ್ಟೆಲ್ ಎಂಬ ಅಡ್ಡಹೆಸರು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಊರಿನ ಹೆಸರೇ ಅನೇಕರಿಗೆ ಅಡ್ಡಹೆಸರು. ಹಿಂದೂಗಳಲ್ಲೂ ಜೇವರ್ಗಿಯವರಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಆದರೆ ದೊಡ್ಡ ಶಹರದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಅಡ್ಡಹೆಸರು ಸಾಲುವುದಿಲ್ಲ. ಪೂರ್ತಿ ಹೆಸರು ಕೇಳುತ್ತಾರೆ. ಹೇಳಿದ ಮೇಲೆ ನಮ್ಮಂಥವರಿಗೆ ಮನೆ ಖಾಲಿ ಇರುವುದಿಲ್ಲ.

ಹೆಸರು ಕೇಳಿಯೇ ಮನುಷ್ಯನನ್ನು ಅಳೆಯುವವರಿಗೆ ಒಂದು ಜರ್ಮನ್ ಅಡ್ಡಹೆಸರಿನ ಸಂಗತಿ ಹೇಳಬೇಕು. ಕನ್ನಡಿಗರಿಗೆ ಕಿಟ್ಟೆಲ್ ಎಂದರೆ ಒಬ್ಬರೇ. ಬಾಸೆಲ್ ಮಿಶನ್ನಿನ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ (1832-1903). ಮತಪ್ರಚಾರಕ್ಕೆಂದು 1853ರಲ್ಲಿ ಬಂದವರು ಕನ್ನಡದ ಮಾತುಗಳ ಬೆನ್ನು ಹತ್ತಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಹಿಂದೂಸ್ತಾನಿಯಿಂದ ಬಂದ ಮಾತುಗಳನ್ನೂ ಮೂಲ ಗುರುತಿಸಿ ಅದರಲ್ಲಿ ಸೇರಿಸಿದರು. ಕೊನೆಗೆ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಅದೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಮುಂದೆ ಇನ್ನೊಬ್ಬ ಕಿಟ್ಟೆಲ್ ಪ್ರಾಧ್ಯಾಪಕನಾದ. ಹೆಸರು ಗೆರ್‌ಹಾರ್ಡ್. ಅವನೂ ನಿಘಂಟುಕಾರನೇ. ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳ ಮಹಾಕೋಶದ ಸಂಪಾದಕ. ಅದರ ಮೊದಲ ಸಂಪುಟ ಹೊರಬಂದ 1933ರಲ್ಲೇ ಅವನು ನಾತ್ಸಿ ಪಕ್ಷ ಸೇರಿದ. ತಲೆಮಾರುಗಳಿಂದ ಜರ್ಮನಿಯಲ್ಲೇ ಬಾಳಿದ ಯೆಹೂದಿಗಳನ್ನು ನಾಗರಿಕರೆಂದಲ್ಲ, ಪರಕೀಯ ಅತಿಥಿಗಳೆಂದು ಕಾಣಬೇಕೆಂದು ಅದೇ ವರ್ಷ ಪುಸ್ತಕ ಬರೆದ. ಯುದ್ಧ ಮುಗಿದ 1945ರಲ್ಲಿ ಬಂಧಿತನಾದ, 1948ರಲ್ಲಿ ಸತ್ತ.

ಮೂರನೆಯವರು ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಕಿಟ್ಟೆಲ್ (1916-2019). ಘನಸ್ಥಿತಿ ಭೌತಶಾಸ್ತ್ರದ ಬಗ್ಗೆ 1953ರಲ್ಲಿ ಅವರು ಬರೆದ ಪಠ್ಯಪುಸ್ತಕ ಲೋಕದ ಎಷ್ಟೋ ಕಾಲೇಜುಗಳನ್ನು ಮುಟ್ಟಿದೆ.

ಒಂದೇ ಹೆಸರು, ಮೂರು ದಾರಿ. ಈಗ ಹೇಳಿ, ಕಿಟ್ಟೆಲ್ ಎಂಬವರು ಒಳ್ಳೆಯವರೋ ಕೆಟ್ಟವರೋ?

1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಯ ಕಚೇರಿಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ಉರ್ದು ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗನೂ ಇಲ್ಲಿ ಜಮೀನಿನ ತಕರಾರಿಗೆ ಅರ್ಜಿ ಬರೆಸುತ್ತಾನೆ, ವಕೀಲನನ್ನು ಹಿಡಿಯುತ್ತಾನೆ. ಜಮೀನು, ತಕರಾರು, ಅರ್ಜಿ, ವಕೀಲ ಎಲ್ಲವೂ ಹೊರಗಿನಿಂದ ಬಂದ ಮಾತುಗಳು. ಇವತ್ತು ಅವು ಕನ್ನಡವಲ್ಲ ಎನ್ನುವವರು ಯಾರು?

ಎಲ್ಲಿಂದ ಬಂದೆ ಎಂದು ಕೇಳುವುದು ತಪ್ಪಲ್ಲ. ಫರ್ಡಿನಾಂಡ್ ಕಿಟ್ಟೆಲರೂ ಪ್ರತಿ ಶಬ್ದವನ್ನು ಹಾಗೆಯೇ ಕೇಳಿದರು. ಉತ್ತರ ಬರೆದುಕೊಂಡು ಅದನ್ನು ಕನ್ನಡದ ಸಾಲಿನಲ್ಲೇ ಕೂಡಿಸಿದರು. ಗೆರ್‌ಹಾರ್ಡ್ ಕೇಳಿದ್ದೂ ಅದೇ ಪ್ರಶ್ನೆ, ಆದರೆ ಸಾಲಿನಿಂದ ಎಬ್ಬಿಸಲಿಕ್ಕೆ.