ತಡೆದು ನಿಂತ ಮೋಟಾರು

ಮೂವತ್ತೊಂದು ವರ್ಷ ಹತ್ತನೆಯ ತರಗತಿಗೆ ಓಮನ ನಿಯಮವನ್ನು ಬೋಧಿಸಿದವನು ನಾನು. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ ದೊರೆಯುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಮರೆತವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದನ್ನಂತೂ ಮರೆತಿರಲಾರರು. ಅಂಥ ನಾನೇ ಆ ನಿಯಮದಲ್ಲಿ ನಪಾಸಾದ ಪ್ರಸಂಗವೊಂದನ್ನು ಇಂದು ನಿಮ್ಮ ಮುಂದೆ ಒಪ್ಪಿಸುತ್ತಿದ್ದೇನೆ.

ನನ್ನ ಮೊಮ್ಮಗ ಈಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಕಳೆದ ವರ್ಷ ಅವನೂ ಅವನ ಮೂವರು ಗೆಳೆಯರೂ ಕಾಲೇಜು ಉತ್ಸವದ ಸ್ಪರ್ಧೆಗೆಂದು ನಮ್ಮ ಮನೆಯ ಜಗಲಿಯಲ್ಲಿ 8 ಕಿಲೋಗ್ರಾಂ ತೂಕದ ಕಾಳಗದ ರೋಬೋಟನ್ನು ಕಟ್ಟಿದರು. ಟಗರಿನ ಕಾಳಗವನ್ನು ಕಂಡವರಿಗೆ ಇದರ ಸ್ವರೂಪ ಬೇಗ ಅರ್ಥವಾದೀತು: ಎದುರಾಳಿಯನ್ನು ಗುದ್ದಿ, ತಳ್ಳಿ, ಅಲುಗಾಡದಂತೆ ಮಾಡಿದವರು ಗೆದ್ದಂತೆ. ನಾಲ್ಕು ಚಕ್ರ, ಚಕ್ರಕ್ಕೊಂದು ಬ್ರಷ್ ಮೋಟಾರು, 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಬ್ಯಾಟರಿಗೂ ಮೋಟಾರಿಗೂ ನಡುವೆ ಕುಳಿತು, ರೇಡಿಯೋ ಸಂಕೇತದಂತೆ ಚಕ್ರಗಳನ್ನು ಮುಂದಕ್ಕೂ ಹಿಂದಕ್ಕೂ ಬೇಕಾದ ವೇಗದಲ್ಲಿ ಓಡಿಸುವುದೇ ವೇಗ ನಿಯಂತ್ರಕ. ಎಡಗಡೆಯ ಎರಡು ಮೋಟಾರುಗಳಿಗೆ ಅದರ ಒಂದು ಶಾಖೆ, ಬಲಗಡೆಯ ಎರಡಕ್ಕೆ ಇನ್ನೊಂದು.

"ತಾತ, ಎಷ್ಟು ಆಂಪಿಯರಿನದು ತರೋಣ?" ಎಂದು ಮೊಮ್ಮಗ ಕೇಳಿದ. ನಾನು ಚಕ್ರಗಳನ್ನು ನೆಲದಿಂದ ಮೇಲೆತ್ತಿ ಓಡಿಸಿ, ಅಮ್ಮೀಟರ್ ಜೋಡಿಸಿ ನೋಡಿದೆ. ಮೋಟಾರೊಂದಕ್ಕೆ 0.4 ಆಂಪಿಯರ್, ಎರಡಕ್ಕೆ 0.8. "2 ಆಂಪಿಯರಿನದು ಧಾರಾಳವಾಗಿ ಸಾಕು, ದುಡ್ಡು ಪೋಲು ಮಾಡಬೇಡಿ" ಎಂದು ತೀರ್ಪಿತ್ತೆ. ಹುಡುಗರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಂಥದನ್ನೇ ಅಗ್ಗದಲ್ಲಿ ತಂದರು.

ಮೊದಲ ಪಂದ್ಯಕ್ಕೆ ನಾನೂ ಹೋಗಿದ್ದೆ. ನಮ್ಮ ಯಂತ್ರ ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿಯಿತು. ಎರಡೂ ಕದಲದೆ ನಿಂತವು. ಹತ್ತು ಎಣಿಸುವಷ್ಟರಲ್ಲಿ ನಮ್ಮದರ ಹೊಟ್ಟೆಯಿಂದ ಹೊಗೆ ಎದ್ದಿತು. ಮೂರು ತಿಂಗಳ ಶ್ರಮ ಅಲ್ಲಿಗೆ ಮುಗಿಯಿತು. ಹುಡುಗರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಿದ್ರೆ ಬಾರದೆ ಮಲಗಿದ್ದಾಗ ತಪ್ಪು ಹೊಳೆಯಿತು. ಮೋಟಾರು ತಿರುಗುವಾಗ ಅದರ ಸುರುಳಿಯಲ್ಲೇ ವಿರುದ್ಧ ವಿದ್ಯುಚ್ಚಾಲಕ ಬಲವೊಂದು ಹುಟ್ಟಿ ಬ್ಯಾಟರಿಗೆ ಎದುರು ನಿಲ್ಲುತ್ತದೆ. ಆದ್ದರಿಂದಲೇ ಹೊರೆಯಿಲ್ಲದೆ ತಿರುಗುವ ಮೋಟಾರು ಅಷ್ಟು ಕಡಿಮೆ ಪ್ರವಾಹವನ್ನು ಎಳೆಯುವುದು. ಚಕ್ರ ತಡೆದು ನಿಂತಾಗ ಆ ಬಲ ಸೊನ್ನೆಯಾಗುತ್ತದೆ. ತಡೆಯಲು ಸುರುಳಿಯ ರೋಧವೊಂದೇ ಉಳಿಯುತ್ತದೆ. ಬೆಳಗ್ಗೆ ಅಳೆದೆ: 1.2 ಓಮ್. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್. ಭಾಗಿಸಿದರೆ 10.5 ಆಂಪಿಯರ್, ಎರಡು ಮೋಟಾರಿಗೆ 21! ಎರಡು ಹೊರಬಲ್ಲ ಕೂಲಿಯ ತಲೆಯ ಮೇಲೆ ಇಪ್ಪತ್ತೊಂದನ್ನು ಹೇರಿದ್ದೆ. ಮುಂದಕ್ಕೆ ಓಡುತ್ತಿರುವುದನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿದರಂತೂ ಆ ವಿರುದ್ಧ ಬಲವೇ ಬ್ಯಾಟರಿಯ ಪಕ್ಷ ಸೇರಿ, ಪ್ರವಾಹ ಕ್ಷಣಕಾಲ ಇನ್ನೂ ಏರುತ್ತದೆ. ನಿಯಮವನ್ನು ನಾನು ಬಲ್ಲೆ; ಅದನ್ನು ಯಾವ ಗಳಿಗೆಗೆ ಅನ್ವಯಿಸಬೇಕೆಂಬುದನ್ನು ಯೋಚಿಸಿರಲಿಲ್ಲ.

ಹುಡುಗರನ್ನು ಕೂರಿಸಿಕೊಂಡು "ತಪ್ಪು ನನ್ನದು" ಎಂದು ಲೆಕ್ಕವನ್ನು ಬಿಡಿಸಿ ತೋರಿಸಿದೆ. ಈ ಬಾರಿ ಒಟ್ಟಿಗೆ ಕೂತು ಆರಿಸಿದೆವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಕ್ಷಣಿಕ ಸಾಮರ್ಥ್ಯವನ್ನು ಬಿಟ್ಟು, ನಿರಂತರ ಸಾಮರ್ಥ್ಯವನ್ನೇ ನೋಡಿದೆವು. ಶಾಖೆಯೊಂದಕ್ಕೆ 30 ಆಂಪಿಯರ್, ಮಿತಿಮೀರಿದರೆ ಪ್ರವಾಹವನ್ನು ತಾನೇ ಕಡಿತಗೊಳಿಸುವಂಥದು. ಮೂರು ತಂತಿಯ, ಬ್ರಷ್‌ರಹಿತ ಮೋಟಾರಿನ ನಿಯಂತ್ರಕ ನಮ್ಮ ಮೋಟಾರಿಗೆ ಹೊಂದುವುದಿಲ್ಲವೆಂದು ಮೊಮ್ಮಗ ನನಗೆ ತಿಳಿಸಿಕೊಟ್ಟ. ಕೊನೆಗೆ ಚಕ್ರಗಳನ್ನು ಮೇಲೆತ್ತಿ ಓಡಿಸುತ್ತಾ ಕೈಯಲ್ಲಿನ ರೇಡಿಯೋ ಪ್ರೇಷಕವನ್ನು ಆರಿಸಿ ನೋಡಿದೆವು. ಸಂಕೇತ ತಪ್ಪಿದೊಡನೆ ಚಕ್ರ ನಿಲ್ಲದಿದ್ದರೆ ಯಂತ್ರ ಜಗಲಿಯಿಂದ ಇಳಿಯಕೂಡದೆಂಬುದು ನನ್ನ ಕಟ್ಟಪ್ಪಣೆಯಾಗಿತ್ತು. ನಿಂತಿತು.

ಈ ವರ್ಷ ಅವರು ಎರಡನೆಯ ಪಂದ್ಯದಲ್ಲಿ ಸೋತರು. ಚಕ್ರದ ಅಚ್ಚು ಮುರಿಯಿತು. ಮೊಮ್ಮಗ ಮುಚ್ಚಳ ತೆಗೆದು, "ತಾತ, ನಿಯಂತ್ರಕದ ಮೇಲೆ ಕೈಯಿಟ್ಟು ನೋಡಿ, ಬರೀ ಬೆಚ್ಚಗಿದೆ" ಎಂದ. ಆ ಬಿಸುಪು ನನ್ನ ಅಂಗೈಯಲ್ಲಿ ಇನ್ನೂ ಇದೆ.

ಅಂದು ಬೆಂಚಿನ ಮೇಲೆ ನಿಂತವರೆಲ್ಲ ಇದನ್ನೋದಿ ನಗಬಹುದು. ನಗಿರಿ, ನಿಮಗೆ ಆ ಹಕ್ಕಿದೆ.